ಹಸಿರು ಚುಕ್ಕೆ ಮತ್ತು ಹಾಲು: ಹಳೆ ಬೆಂಗಳೂರಿನಲ್ಲಿ ಆಹಾರ, ಆರೋಗ್ಯ, ಡಿಜಿಟಲ್ ತಂತ್ರಜ್ಞಾನ

ಮಾಂಸ, ಮೀನು, ಮೊಟ್ಟೆಗಳ ಜೊತೆಗೆ ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನುತುಪ್ಪವನ್ನೂ ಬಿಟ್ಟು, ಪ್ರಾಣಿಯಿಂದ ಬಂದದ್ದು ಏನೂ ಬೇಡವೆನ್ನುವವರನ್ನು ವೀಗನ್ ಎನ್ನುತ್ತಾರೆ. ಈ ಹೆಸರು ಹುಟ್ಟಿದ್ದು 1944ರ ನವೆಂಬರಿನಲ್ಲಿ, ಇಂಗ್ಲೆಂಡಿನಲ್ಲಿ. ಅಲ್ಲಿನ ಸಸ್ಯಾಹಾರಿ ಸಂಘದಲ್ಲಿದ್ದ ಡೊನಾಲ್ಡ್ ವಾಟ್ಸನ್ ಮತ್ತು ಕೆಲವು ಗೆಳೆಯರು ಹಾಲಿನ ವಿಷಯಕ್ಕೆ ತಕರಾರು ತೆಗೆದು ಬೇರೆಯಾದರು. ಚಳವಳಿಯ ಮೊದಲ ಜಗಳ ನಡೆದದ್ದೇ ಸಸ್ಯಾಹಾರಿಗಳ ಮನೆಯೊಳಗೆ. ಹಳೆ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಮಟ್ಟಿಗೆ ಈ ಸಂಗತಿ ಮುಖ್ಯ. ಕನ್ನಡದಲ್ಲಿ ವೀಗನ್‌ಗೆ ‘ಶುದ್ಧ ಸಸ್ಯಾಹಾರಿ’ ಎನ್ನೋಣವೆಂದರೆ ಆ ಮಾತನ್ನು ಇಲ್ಲಿನ ಹೋಟೆಲ್ ಬೋರ್ಡುಗಳು ಬಹಳ ಹಿಂದೆಯೇ ತಮ್ಮದಾಗಿಸಿಕೊಂಡಿವೆ, ಮತ್ತು ಆ ಬೋರ್ಡಿನ ಕೆಳಗೆ ಬಿಸಿಬಿಸಿಯಾಗಿ ಖರ್ಚಾಗುವುದು ಬೆಣ್ಣೆ ದೋಸೆ. ಹಳೆ ಬೆಂಗಳೂರಿನಲ್ಲಿ ವೀಗನ್ ವಿಚಾರದ ತಿರುಳು ಹಾಲು. ಕಳೆದ ಒಂದೂವರೆ ದಶಕದಲ್ಲಿ ಮನೆಮನೆಗೆ ಬಂದ ಡಿಜಿಟಲ್ ಸಾಧನಗಳು ಈ ಹಾಲಿನ ಪ್ರಶ್ನೆಯನ್ನು ಎತ್ತುವ ಬದಲು ಸಸ್ಯಾಹಾರ–ಮಾಂಸಾಹಾರಗಳ ಹಳೆಯ ಗೆರೆಯನ್ನೇ ಗಟ್ಟಿ ಮಾಡಿವೆ ಎಂಬುದು ಈ ಲೇಖನದ ವಾದ.

ಆಹಾರ, ಆರೋಗ್ಯ, ಡಿಜಿಟಲ್ ತಂತ್ರಜ್ಞಾನ ಮೂರನ್ನೂ ಒಂದೇ ಎಳೆಯಲ್ಲಿ ಹಿಡಿದು ನೋಡಿದವರಲ್ಲಿ ಆಸ್ಟ್ರೇಲಿಯದ ಸಮಾಜಶಾಸ್ತ್ರಜ್ಞೆ ಡೆಬೊರಾ ಲಪ್ಟನ್ ಮುಖ್ಯರು. 1996ರಲ್ಲಿ ಆಹಾರ, ದೇಹ, ವ್ಯಕ್ತಿತ್ವಗಳ ಸಂಬಂಧದ ಮೇಲೆ ಪುಸ್ತಕ ಬರೆದ ಅವರು, 2016ರಲ್ಲಿ ತಮ್ಮನ್ನು ತಾವೇ ಅಳೆದುಕೊಳ್ಳುವ ಹೊಸ ಅಭ್ಯಾಸದ ಬಗ್ಗೆ ಬರೆದರು: ಹೆಜ್ಜೆ, ನಿದ್ದೆ, ಕ್ಯಾಲೊರಿಗಳ ಎಣಿಕೆ. 2020ರಲ್ಲಿ ಜೀನಾ ಫೆಲ್ಡ್‌ಮನ್ ಜೊತೆ ಡಿಜಿಟಲ್ ಆಹಾರ ಸಂಸ್ಕೃತಿಗಳ ಕುರಿತ ಸಂಪಾದಿತ ಗ್ರಂಥ ತಂದರು. ಅಳೆಯುವ ಸಾಧನ ದೇಹವನ್ನು ಸುಮ್ಮನೆ ಅಳೆಯುವುದಿಲ್ಲ, ದೇಹವನ್ನು ನೋಡುವ ಕಣ್ಣನ್ನೇ ಬದಲಿಸುತ್ತದೆ ಎಂಬುದು ಅವರ ಬರಹಗಳ ಒಟ್ಟು ಧೋರಣೆ. ಇದನ್ನು ಬೆಂಗಳೂರಿಗೆ ತಂದು ನಿಲ್ಲಿಸಿದರೆ ಇನ್ನೊಂದು ಮಾತು ಸೇರಿಸಬೇಕಾಗುತ್ತದೆ, ಅದನ್ನು ಹೇಳಿಕೊಟ್ಟವರು ಮೈಸೂರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬಾಳಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ (1916–1999). ಕೊಡವರ ಮೇಲಿನ ಅವರ 1952ರ ಗ್ರಂಥದಲ್ಲಿ ‘ಸಂಸ್ಕೃತೀಕರಣ’ದ ಪರಿಕಲ್ಪನೆ ಬೆಳೆಯಿತು: ಜಾತಿಯ ಏಣಿಯಲ್ಲಿ ಮೇಲೇರಬಯಸುವ ಗುಂಪು ಮಾಂಸ, ಮದ್ಯ ಬಿಟ್ಟು ಮೇಲಿನವರ ಆಚಾರವನ್ನು ತನ್ನದಾಗಿಸಿಕೊಳ್ಳುತ್ತದೆ. ಹಂದಿ ಮಾಂಸ ಹಬ್ಬದೂಟವಾಗಿರುವ ಜನಾಂಗದ ಅಧ್ಯಯನದಿಂದಲೇ ಈ ಮಾತು ಹೊರಟದ್ದು ಗಮನಿಸಬೇಕಾದ್ದು. ಅವರ ಮಗಳು ತುಳಸಿ ಶ್ರೀನಿವಾಸ್ ಮಲ್ಲೇಶ್ವರದ ದೇವಸ್ಥಾನಗಳ ಸುತ್ತ ವರ್ಷಗಟ್ಟಲೆ ನಡೆಸಿದ ಕ್ಷೇತ್ರಕಾರ್ಯ 2018ರಲ್ಲಿ ಪುಸ್ತಕವಾಯಿತು. ಅದಕ್ಕೂ ಮೊದಲು 2006ರಲ್ಲಿ ಅವರು ಪೊಟ್ಟಣದಲ್ಲಿ ಬರುವ ಸಿದ್ಧ ಅಡುಗೆಯನ್ನು ‘ಅಮ್ಮ ಮಾಡಿದ್ದು’ ಎಂಬ ಭಾವದಲ್ಲಿ ಉಣ್ಣುವ ಕುಟುಂಬಗಳ ಬಗ್ಗೆ ಬರೆದಿದ್ದರು. ತಂತ್ರಜ್ಞಾನ ಬಂದಾಗ ಹಳೆಯ ಆಚಾರ ಮನೆ ಬಿಟ್ಟು ಹೋಗದೆ ಹೊಸ ಪಾತ್ರೆಗೆ ಸುರಿದುಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಹಳೆ ಬೆಂಗಳೂರು ಎಂದರೆ ಸಸ್ಯಾಹಾರಿ ಬೆಂಗಳೂರು ಎಂಬ ನಂಬಿಕೆ ಬಲವಾಗಿದೆ. ಅದಕ್ಕೆ ಕಾರಣಗಳೂ ಇವೆ. 1898ರ ಪ್ಲೇಗ್ ಹಾವಳಿಯ ನಂತರ ಪೇಟೆಯ ಇಕ್ಕಟ್ಟು ಬಿಟ್ಟು ಜನ ಬಸವನಗುಡಿ, ಮಲ್ಲೇಶ್ವರಗಳಿಗೆ ಬಂದರು. ನಿವೇಶನ ಹಂಚುವಾಗ ಜಾತಿಯ ಲೆಕ್ಕವೂ ಇತ್ತು. 1924ರಲ್ಲಿ ಶುರುವಾದ ಎಂಟಿಆರ್, 1943ರಲ್ಲಿ ಗಾಂಧಿ ಬಜಾರಿನಲ್ಲಿ ತೆರೆದ ವಿದ್ಯಾರ್ಥಿ ಭವನ, 1965ರಲ್ಲಿ ಶಂಕರಪುರದಲ್ಲಿ ಬಂದ ಬ್ರಾಹ್ಮಿನ್ಸ್ ಕಾಫಿ ಬಾರ್, ಮಲ್ಲೇಶ್ವರದ ಸಿಟಿಆರ್, ಸಜ್ಜನ್ ರಾವ್ ವೃತ್ತದ ತಿಂಡಿ ಬೀದಿ, ಇವೆಲ್ಲ ಸೇರಿ ಊರಿಗೊಂದು ರುಚಿಯ ಗುರುತು ಕೊಟ್ಟಿವೆ. ಆದರೆ ಚಾಮರಾಜಪೇಟೆಯಿಂದ ಕೂಗಳತೆ ದೂರದ ಕಾಟನ್‌ಪೇಟೆಯಲ್ಲಿ ಎಸ್.ಜಿ. ರಾವ್ ಮಿಲಿಟರಿ ಹೋಟೆಲು 1908ರಿಂದ ನಡೆಯುತ್ತಿದೆ. ಎಂಟಿಆರ್‌ಗಿಂತ ಹದಿನಾರು ವರ್ಷ ಹಿರಿಯದು. ಮುದ್ದೆ, ಕಾಲು ಸೂಪು, ಕೈಮಾ ಉಂಡೆ ಕೂಡ ಹಳೆ ಬೆಂಗಳೂರಿನ ಊಟವೇ. 2014ರ ಕೇಂದ್ರ ಸರ್ಕಾರದ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸಸ್ಯಾಹಾರಿಗಳು ಸುಮಾರು ಶೇ 21 ಮಾತ್ರ. ದೇಶದ ಲೆಕ್ಕವನ್ನು ಮೂರು ದೊಡ್ಡ ಸಮೀಕ್ಷೆಗಳಿಂದ ಮತ್ತೆ ಕೂಡಿಸಿ ನೋಡಿದ ಬಾಲಮುರಳಿ ನಟರಾಜನ್ ಮತ್ತು ಸೂರಜ್ ಜೇಕಬ್ ಅವರ 2018ರ ಪ್ರಬಂಧ, ಸಸ್ಯಾಹಾರಿಗಳು ಶೇ 30ಕ್ಕಿಂತ ಹೆಚ್ಚಿರಲಾರರು, ನಿಜವಾಗಿ ಶೇ 20ರ ಹತ್ತಿರ ಇರಬಹುದು ಎಂದಿತು. ಮನೆಯಲ್ಲಿ ಕೇಳಿದಾಗ ಜನ ಮಾಂಸ ತಿನ್ನುವುದನ್ನು ಕಡಿಮೆ ಹೇಳುತ್ತಾರೆ ಎಂಬುದನ್ನೂ ತೋರಿಸಿತು. ಐವರಲ್ಲಿ ಒಬ್ಬರ ಪದ್ಧತಿ ಊರಿನ ಗುರುತಾಗಿ ನಿಂತಿದ್ದರೆ, ಅದರ ಹಿಂದೆ ಇರುವುದು ರುಚಿಯಷ್ಟೇ ಆಗಿರಲು ಸಾಧ್ಯವಿಲ್ಲ.

ಈಗ ಆ ಸಸ್ಯಾಹಾರದ ಎಲೆಯನ್ನೇ ಹತ್ತಿರದಿಂದ ನೋಡಬೇಕು. ದೋಸೆ ಹಿಟ್ಟು ಎಂದರೆ ಅಕ್ಕಿ, ಉದ್ದಿನಬೇಳೆ, ಚಿಟಿಕೆ ಮೆಂತ್ಯ. ರಾತ್ರಿಯೆಲ್ಲ ಹುಳಿ ಬಂದ ಆ ಹಿಟ್ಟಿನಲ್ಲಿ ಪ್ರಾಣಿಯ ಪಾಲು ಏನೂ ಇಲ್ಲ. ಆಲೂಗಡ್ಡೆ ಪಲ್ಯ, ಕಾಯಿಚಟ್ನಿಯಲ್ಲೂ ಇಲ್ಲ. ಕಾವಲಿಯ ಮೇಲೆ ಬೀಳುವ ಬೆಣ್ಣೆಯ ಮುದ್ದೆಯೊಂದೇ ಅದನ್ನು ವೀಗನ್ ಅಲ್ಲದ ತಿಂಡಿಯಾಗಿಸುತ್ತದೆ. ಇಡ್ಲಿ, ಚಿತ್ರಾನ್ನ, ಒಗ್ಗರಣೆ ಅವಲಕ್ಕಿ, ಹೆಸರುಬೇಳೆ ಕೋಸಂಬರಿ, ಹುರುಳಿಕಾಳಿನ ಬಸ್ಸಾರು, ಉಪ್ಸಾರು, ರಾಗಿ ಮುದ್ದೆ, ಶಾವಿಗೆಗೆ ಹಾಕಿಕೊಳ್ಳುವ ಕಾಯಿಹಾಲು, ಗಸಗಸೆ ಪಾಯಸ: ಎಣ್ಣೆ ಒಗ್ಗರಣೆ ಹಾಕಿದರೆ ಇವೆಲ್ಲ ವೀಗನ್ ಅಡುಗೆಗಳೇ. ಬಡವರ ಮನೆಯಲ್ಲಿ ಇವು ಎಂದೂ ಹಾಗೆಯೇ ಇದ್ದವು. ತುಪ್ಪ ಕೊಳ್ಳಲು ಕೈಯಲ್ಲಿ ಕಾಸಿರಲಿಲ್ಲ. ಎಲೆಯ ತುದಿಗೆ ತುಪ್ಪ ಬಿದ್ದ ಮೇಲೆಯೇ ಊಟ ಶುರು, ಮೊಸರನ್ನದಿಂದ ಮುಕ್ತಾಯ ಎಂಬ ಕ್ರಮ ಉಳ್ಳವರ ಪಂಕ್ತಿಯದು. ವೀಗನ್ ಎಂದರೆ ಬಾದಾಮಿ ಹಾಲು, ಸೋಯಾ ಪನೀರುಗಳ ದುಬಾರಿ ಖಯಾಲಿ ಎಂಬ ಮಾತು ನಗರದಲ್ಲಿ ಚಾಲ್ತಿಯಲ್ಲಿರುವುದು, ಮೊಬೈಲ್ ಪರದೆಯ ಮೇಲೆ ಅದು ಹಾಗೆ ಕಾಣಿಸಿಕೊಂಡಿರುವುದರಿಂದ. ಹೆಸರಿಲ್ಲದೆ ಬಂದ ಬಸ್ಸಾರಿಗೆ ಅಲ್ಲಿ ಜಾಹೀರಾತಿಲ್ಲ.

ಪರದೆಯ ಮೇಲೆ ಆಳುವುದು ಹಸಿರು ಚುಕ್ಕೆ. 2001ರಿಂದ ಮೊದಲ್ಗೊಂಡು ಪೊಟ್ಟಣದ ಆಹಾರದ ಮೇಲೆ ಮಾಂಸಾಹಾರಕ್ಕೆ ಕಂದು, ಸಸ್ಯಾಹಾರಕ್ಕೆ ಹಸಿರು ಗುರುತುಗಳು ಕಡ್ಡಾಯವಾದವು. ಆ ನಿಯಮದ ವ್ಯಾಖ್ಯೆ ಓದಿದರೆ ಇಡೀ ವಿಷಯ ಬಯಲಾಗುತ್ತದೆ: ಪ್ರಾಣಿಮೂಲದ ಯಾವ ಪದಾರ್ಥವಿದ್ದರೂ ಅದು ಮಾಂಸಾಹಾರ, ಆದರೆ ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಹೊರತುಪಡಿಸಿ. ಪ್ರಾಣಿಯ ದೇಹದಿಂದ ಬಂದ ಹಾಲು ಕಾನೂನಿನ ಒಂದು ವಾಕ್ಯದಿಂದ ಸಸ್ಯದ ಸಾಲಿಗೆ ಸೇರಿತು. ಮಡಿಯ ಕಲ್ಪನೆಯಲ್ಲಿ ಹಾಲಿಗೆ ಇದ್ದ ಜಾಗವೇ ಪೊಟ್ಟಣದ ಮೇಲೂ ಅದಕ್ಕೆ ಸಿಕ್ಕಿತು. ಆಮೇಲೆ ಬಂದ ಆ್ಯಪ್‌ಗಳು ಈ ಗುರುತನ್ನು ಇದ್ದ ಹಾಗೆಯೇ ಎತ್ತಿಕೊಂಡವು. 2014ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಸ್ವಿಗ್ಗಿಯೂ ಸೇರಿದಂತೆ ಊಟ ತರಿಸುವ ಆ್ಯಪ್‌ಗಳಲ್ಲಿ ‘ವೆಜ್’ ಎಂಬ ಗುಂಡಿ ಒತ್ತಿದರೆ ಮೊಟ್ಟೆ, ಮಾಂಸಗಳು ಕಣ್ಣಿಂದ ಮರೆಯಾಗುತ್ತವೆ. ಬೆಣ್ಣೆ, ಪನೀರು ಉಳಿಯುತ್ತವೆ. ಗೇಟಿಗೆ ನೇತು ಹಾಕುತ್ತಿದ್ದ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬಾಡಿಗೆ ಫಲಕ ಮನೆ ಹುಡುಕುವ ಆ್ಯಪ್‌ಗಳಲ್ಲಿ ಒಂದು ಷರತ್ತಿನ ಕಾಲಮ್ಮಾಗಿದೆ. ಮುಖ ನೋಡಿ ಮಾತಾಡುವ ಮುಜುಗರವೂ ಈಗ ಬೇಕಿಲ್ಲ. 2024ರ ಮಾರ್ಚಿನಲ್ಲಿ ಜೊಮ್ಯಾಟೊ ಸಸ್ಯಾಹಾರಕ್ಕೇ ಬೇರೆ ಸವಾರರ ಪಡೆ, ಅವರಿಗೆ ಹಸಿರು ಅಂಗಿ ಎಂದು ಘೋಷಿಸಿತು; ಉಳಿದ ಕೆಂಪು ಅಂಗಿಯ ಸವಾರರನ್ನು ಬಡಾವಣೆಗಳ ಗೇಟಿನಲ್ಲೇ ತಡೆಯುವ ಅಪಾಯವಿದೆ ಎಂಬ ಟೀಕೆ ಬಂದ ಮರುದಿನವೇ ಹಸಿರು ಅಂಗಿಯನ್ನು ಕೈಬಿಟ್ಟಿತು. ವೀಗನ್ ಆಹಾರಕ್ಕೆ ಪ್ರತ್ಯೇಕ ನಿಯಮ ಮತ್ತು ಎಲೆಯುಳ್ಳ ಹಸಿರು ಲಾಂಛನ ಬಂದದ್ದು 2022ರಲ್ಲಿ, ಹಸಿರು ಚುಕ್ಕೆಗಿಂತ ಎರಡು ದಶಕ ತಡವಾಗಿ. ಅಷ್ಟರಲ್ಲಿ ಆ ಚುಕ್ಕೆಯ ಅರ್ಥ ಜನರ ಮನಸ್ಸಿನಲ್ಲಿ ಕೂತು ಗಟ್ಟಿಯಾಗಿತ್ತು.

ಹಾಲನ್ನು ಅಲುಗಿಸುವುದು ಇಲ್ಲಿ ಎಷ್ಟು ಕಷ್ಟ ಎಂಬುದನ್ನು 2023ರ ವಸಂತ ತೋರಿಸಿತು. ಆ ಮಾರ್ಚಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಮೊಸರಿನ ಪ್ಯಾಕೆಟ್ಟಿನ ಮೇಲೆ ಹಿಂದಿಯ ‘ದಹಿ’ ಎಂದು ಮುದ್ರಿಸಬೇಕೆಂದಿತು. ಗಲಾಟೆಯಾಗಿ ತಿಂಗಳು ಮುಗಿಯುವ ಮೊದಲೇ ಹಿಂದೆ ಸರಿಯಿತು. ಏಪ್ರಿಲ್ ಮೊದಲ ವಾರದಲ್ಲಿ ಗುಜರಾತಿನ ಅಮುಲ್, ಬೆಂಗಳೂರಿಗೆ ತನ್ನ ಹಾಲು ಮೊಸರು ಬರಲಿದೆ ಎಂದು ಟ್ವಿಟರಿನಲ್ಲಿ ಪ್ರಕಟಿಸಿತು, ಅದೂ ಆನ್‌ಲೈನ್ ಮಾರಾಟದ ಮೂಲಕ. ರಾಜ್ಯದ ಸಹಕಾರಿ ಹಾಲಾದ ನಂದಿನಿಯ ಪರವಾಗಿ ‘ನಂದಿನಿ ಉಳಿಸಿ’ ಎಂಬ ಹ್ಯಾಷ್‌ಟ್ಯಾಗ್ ಕ್ಷಣಾರ್ಧದಲ್ಲಿ ಹಬ್ಬಿತು. ನಗರದ ಹೋಟೆಲ್ ಮಾಲೀಕರ ಸಂಘ ನಂದಿನಿಯನ್ನೇ ಬಳಸುತ್ತೇವೆ ಎಂದಿತು. ವಿಷಯ ಮೇ ತಿಂಗಳ ಚುನಾವಣೆಗೂ ಹೋಯಿತು. ಕನ್ನಡ ಜಾಲಲೋಕ ಆಹಾರಕ್ಕಾಗಿ ನಡೆಸಿದ ಬಲು ದೊಡ್ಡ ಚಳವಳಿಗಳಲ್ಲಿ ಇದೂ ಒಂದು, ಅದರ ಸಿಟ್ಟು ನ್ಯಾಯವಾದದ್ದೇ. ರೈತರ ಸಹಕಾರಿ ವ್ಯವಸ್ಥೆ, ಭಾಷೆ, ಬೆಲೆ ಎಲ್ಲವೂ ಚರ್ಚೆಗೆ ಬಂದವು. ಹಸುವಿನ ಬದುಕು ಮಾತ್ರ ಬರಲಿಲ್ಲ. ಹಾಲು ಕನ್ನಡತನವೂ ಆಗಿರುವ ಊರಿನಲ್ಲಿ ವೀಗನ್ ಕಾರ್ಯಕರ್ತ ಎದುರಿಸಬೇಕಾದದ್ದು ಒಂದು ಪದಾರ್ಥವನ್ನಲ್ಲ, ಒಂದು ನಂಟನ್ನು. ಗಾಂಧೀಜಿಗೂ ಇದು ಬಿಡಿಸಿಕೊಳ್ಳಲಾಗದ ಗಂಟಾಗಿತ್ತು. ದಕ್ಷಿಣ ಆಫ್ರಿಕದಲ್ಲಿ 1912ರಲ್ಲಿ ಹಾಲು ಬಿಟ್ಟ ಅವರು ಮುಂದೆ ಕಾಯಿಲೆ ಬಿದ್ದಾಗ ಆಡಿನ ಹಾಲಿಗೆ ಒಪ್ಪಿದರು, ಅದನ್ನು ತಮ್ಮ ಸೋಲೆಂದೇ ಭಾವಿಸಿದರು. 1927ರಲ್ಲಿ ವಿಶ್ರಾಂತಿಗೆಂದು ಬೆಂಗಳೂರಿನಲ್ಲಿದ್ದಾಗ, ಹಾಲಿನ ಸಂಶೋಧನೆಗೆಂದು 1923ರಲ್ಲಿ ಸ್ಥಾಪನೆಯಾಗಿದ್ದ ಇಲ್ಲಿನ ಇಂಪೀರಿಯಲ್ ಡೇರಿಗೆ ಹೋಗಿ ಗೋಪಾಲನೆಯ ಪಾಠ ಕೇಳಿದರು.

ಆರೋಗ್ಯದ ಆಕ್ಷೇಪ ಗಂಭೀರವಾದದ್ದು. ಹಾಲೂ ಬಿಟ್ಟರೆ ಬಿ12 ಜೀವಸತ್ವ ಎಲ್ಲಿಂದ ಬರಬೇಕು? ಸಸ್ಯಗಳಿಂದ ಅದು ಸಿಗುವುದಿಲ್ಲ. ವೀಗನ್ ಆದವರು ಮಾತ್ರೆಯಿಂದಲೋ, ಬಿ12 ಬೆರೆಸಿದ ಆಹಾರದಿಂದಲೋ ಅದನ್ನು ತೆಗೆದುಕೊಳ್ಳಲೇಬೇಕು, ಇದರಲ್ಲಿ ವಾದಕ್ಕೆ ಎಡೆಯಿಲ್ಲ. ಆದರೆ ಹಾಲು ಕುಡಿದ ಮಾತ್ರಕ್ಕೆ ಕೊರತೆ ತಪ್ಪುತ್ತದೆ ಎಂಬ ಸಮಾಧಾನವೂ ನಿಲ್ಲುವುದಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 785 ಗರ್ಭಿಣಿಯರ ರಕ್ತ ಪರೀಕ್ಷಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 43 ಮಂದಿಗೆ ಬಿ12 ಕಡಿಮೆಯಿತ್ತು, ಫೋಲೇಟ್ ಕೊರತೆ ಇದ್ದದ್ದು ಶೇ 4 ಮಂದಿಗೆ. ಹಾಲು, ಮೊಸರು, ಮಜ್ಜಿಗೆಗಳ ನಾಡಿನಲ್ಲೇ ಈ ಸ್ಥಿತಿ. ಆರೋಗ್ಯದ ಆ್ಯಪ್‌ಗಳು ಇಲ್ಲಿ ಎಷ್ಟು ನೆರವಾಗುತ್ತವೆ ಎಂಬುದೂ ಪ್ರಶ್ನೆಯೇ. 2008ರಲ್ಲಿ ಪ್ರಾಕ್ಟೊ, 2012ರಲ್ಲಿ ಹೆಲ್ದಿಫೈಮಿ ಬೆಂಗಳೂರಿನಿಂದ ಹೊರಟವು. ಎರಡನೆಯದು ಇಡ್ಲಿ, ಸಾಂಬಾರು, ಚಪಾತಿಗಳ ಕ್ಯಾಲೊರಿಯನ್ನು ನಮ್ಮ ಅಳತೆಯಲ್ಲೇ ಎಣಿಸಿಕೊಟ್ಟು ಜನಪ್ರಿಯವಾಯಿತು. ಅದು ಉಪಕಾರವೇ. ಆದರೆ ಎಣಿಕೆ ನಡೆಯುವುದು ಒಬ್ಬ ಬಳಕೆದಾರನ ತಟ್ಟೆಯ ಮೇಲೆ. ಅಡುಗೆ ನಡೆಯುವುದು ಮನೆಯ ಒಲೆಯ ಮೇಲೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಹೆಂಗಸು, ಮಕ್ಕಳು ಬಿಟ್ಟದ್ದನ್ನು ಬಾಯಿಗೆ ಹಾಕಿಕೊಳ್ಳುವಾಗ ಫೋನಿನಲ್ಲಿ ಬರೆದುಕೊಳ್ಳುವುದಿಲ್ಲ. ಮನೆಯ ಒಬ್ಬ ಯುವಕ ವೀಗನ್ ಆದರೆ ಅವನಿಗೆ ಬೇರೆ ಒಗ್ಗರಣೆ ಹಾಕುವ ಕೆಲಸ ಯಾರ ಪಾಲಿಗೆ ಬರುತ್ತದೆ ಎಂಬುದು ಯಾವ ದತ್ತಾಂಶದಲ್ಲೂ ಕಾಣದು. ಲಪ್ಟನ್ ಅವರ ಒಳನೋಟಕ್ಕೆ ಹಳೆ ಬೆಂಗಳೂರು ಕೊಡಬಹುದಾದ ತಿದ್ದುಪಡಿ ಇದು: ಇಲ್ಲಿ ಅಳೆಯಬೇಕಾದ ಘಟಕ ಅಡುಗೆಮನೆ.

ಇನ್ನೊಂದು ಆಕ್ಷೇಪ ಜಾತಿಯದು, ಅದು ಇನ್ನೂ ಹರಿತವಾದದ್ದು: ವೀಗನ್ ಚಳವಳಿ ಎಂದರೆ ಮೇಲ್ಜಾತಿಯ ಸಸ್ಯಾಹಾರವೇ ಹೊಸ ವೇಷದಲ್ಲಿ ಬಂದದ್ದು ಎಂದು. ಇದನ್ನು ತಳ್ಳಿಹಾಕುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ಶೇ 65.5 ಮಕ್ಕಳಿಗೆ ರಕ್ತಹೀನತೆ. 2021ರ ಡಿಸೆಂಬರಿನಲ್ಲಿ ಬೀದರ್, ರಾಯಚೂರು, ಯಾದಗಿರಿ ಮೊದಲಾದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ತೊಡಗಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಕೊಪ್ಪಳ ಜಿಲ್ಲೆಯ ಶಾಲಾ ಬಾಲಕಿಯೊಬ್ಬಳು ಮೊಟ್ಟೆ ಬೇಕೆಂದು ಗಟ್ಟಿಯಾಗಿ ಕೇಳಿದ ವಿಡಿಯೊ ಊರೂರಿನ ಫೋನುಗಳಿಗೆ ಹರಡಿತು. ಚಾಮರಾಜಪೇಟೆಯಲ್ಲಿ ಕಚೇರಿಯಿರುವ ಕನ್ನಡ ಸಾಹಿತ್ಯ ಪರಿಷತ್ತಿನ 87ನೆಯ ಸಮ್ಮೇಳನ 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದಾಗ, ಮಾಂಸಾಹಾರವನ್ನು ಮದ್ಯ, ತಂಬಾಕುಗಳ ಸಾಲಿಗೆ ಸೇರಿಸಿ ನಿಷೇಧಿಸಿದ ಸೂಚನೆ ಹೊರಬಿತ್ತು. ಬಾಡೂಟದ ಬೇಡಿಕೆ ಫೇಸ್‌ಬುಕ್ಕಿನಿಂದ ಬೀದಿಗೆ ಬಂತು. ಈ ಎರಡು ಪ್ರಸಂಗಗಳಲ್ಲಿ ಫೋನು ಹಸಿರು ಗೆರೆಯ ವಿರುದ್ಧವೂ ಕೆಲಸ ಮಾಡಿದೆ, ಅದನ್ನು ಒಪ್ಪಬೇಕು. ಆದರೆ ಮೊಟ್ಟೆ ಬೇಡವೆಂದವರ ವಾದದಲ್ಲಿ ಕೋಳಿಯ ನೋವಿನ ಮಾತು ಎಷ್ಟಿತ್ತು, ಮಡಿಯ ಮಾತು ಎಷ್ಟಿತ್ತು ಎಂದು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅವರು ಹಾಲು ಬೇಡವೆನ್ನಲಿಲ್ಲ. 2013ರಿಂದ ಶಾಲೆಗಳಲ್ಲಿ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ನಡೆಯುತ್ತಲೇ ಇದೆ. ಹಾಲನ್ನು ಪ್ರಶ್ನಿಸದ ಮೊಟ್ಟೆ ವಿರೋಧ ವೀಗನ್ ನಿಲುವಲ್ಲ. ಪ್ರಾಣಿದಯೆಯ ಹೋರಾಟ ಹಸಿದ ಮಗುವಿನ ತಟ್ಟೆಯಿಂದ ಶುರುವಾದರೆ ಅದು ಅನ್ಯಾಯ. ಅದು ಶುರುವಾಗಬೇಕಾದದ್ದು ಬಸವನಗುಡಿಯ ತುಪ್ಪದ ಮಿಳ್ಳೆಯಿಂದ, ಬಿಟ್ಟರೂ ಆರೋಗ್ಯಕ್ಕೆ ಕೊರತೆಯಾಗದ ಮನೆಗಳಿಂದ.

ಹಾಲು ಬಿಟ್ಟರೆ ರೈತರ ಗತಿಯೇನು ಎಂಬುದು ಮೂರನೆಯ ಪ್ರಶ್ನೆ. 2021ರಲ್ಲಿ ಪ್ರಾಣಿಹಕ್ಕುಗಳ ಸಂಸ್ಥೆ ಪೆಟಾ ಸಸ್ಯಜನ್ಯ ಹಾಲಿನ ಕಡೆ ತಿರುಗಿ ಎಂದು ಅಮುಲ್‌ಗೆ ಸೂಚಿಸಿದಾಗ ಬಂದ ಉತ್ತರವೂ ಅದೇ: ಹತ್ತು ಕೋಟಿ ಹೈನುಗಾರರಿಗೆ ಅನ್ನ ಯಾರು ಕೊಡುತ್ತಾರೆ? ಕರ್ನಾಟಕದಲ್ಲಿ 1974ರಲ್ಲಿ ಡೇರಿ ಅಭಿವೃದ್ಧಿ ನಿಗಮವಾಗಿ ಆರಂಭಗೊಂಡು 1984ರಲ್ಲಿ ಹಾಲು ಮಹಾಮಂಡಳವಾದ ವ್ಯವಸ್ಥೆ 2024ರ ಜೂನ್‌ನಲ್ಲಿ ದಿನಕ್ಕೆ 1 ಕೋಟಿ ಲೀಟರ್ ಸಂಗ್ರಹ ದಾಟಿತು. ಕೋಲಾರ, ರಾಮನಗರ, ಮಂಡ್ಯಗಳಲ್ಲಿ ಮಳೆ ಕೈಕೊಟ್ಟ ವರ್ಷ ಮನೆ ನಡೆಸಿದ್ದು ಎರಡು ಹಸುವಿನ ಬಟವಾಡೆ, ಅದನ್ನು ದುಡಿದದ್ದು ಬಹುಪಾಲು ಹೆಂಗಸರು. ಈ ಲೆಕ್ಕ ಕಣ್ಣಿಗೆ ಬೀಳದ ವೀಗನ್ ಪ್ರಚಾರ ನಗರದ ಮಾತಾಗಿಯೇ ಉಳಿಯುತ್ತದೆ. ಆದರೂ ಲೆಕ್ಕಕ್ಕೆ ಇನ್ನೊಂದು ಪುಟವಿದೆ: ಗಂಡು ಕರು. ಟ್ರ್ಯಾಕ್ಟರ್ ಬಂದ ಮೇಲೆ ಮಿಶ್ರತಳಿಯ ಹೋರಿಗರುವಿಗೆ ಹೊಲದಲ್ಲಿ ಕೆಲಸವಿಲ್ಲ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಹದಿಮೂರು ವರ್ಷ ಮೀರಿದ ಎಮ್ಮೆ, ಕೋಣಗಳನ್ನು ಬಿಟ್ಟು ಉಳಿದ ರಾಸುಗಳ ವಧೆಯನ್ನು ನಿಲ್ಲಿಸಿತು. ಹಾಲು ಕೊಡದ ಪ್ರಾಣಿಯ ಮೇವಿನ ಖರ್ಚು ರೈತನ ತಲೆಗೇ ಬಂತು. 2022ರಲ್ಲಿ ಸರ್ಕಾರ ಪುಣ್ಯಕೋಟಿ ದತ್ತು ಯೋಜನೆ ತಂದು, ವರ್ಷಕ್ಕೆ 11,000 ರೂಪಾಯಿ ಕೊಟ್ಟು ಗೋಶಾಲೆಯ ರಾಸನ್ನು ಆನ್‌ಲೈನ್‌ನಲ್ಲೇ ದತ್ತು ಪಡೆಯಲು ಅವಕಾಶ ಮಾಡಿತು. ಆಗ ರೈತರಿಗೆ ಲೀಟರ್ ಹಾಲಿಗೆ 5 ರೂಪಾಯಿ ಪ್ರೋತ್ಸಾಹಧನ ಒಂದು ಕಡೆ, ಗೋಶಾಲೆಗೆ ದಾನ ಇನ್ನೊಂದು ಕಡೆ. ಹಾಲಿನ ಬೆಲೆಯಲ್ಲಿ ಸೇರದ ಖರ್ಚೊಂದು ಇದೆ ಎಂಬುದನ್ನು ಸರ್ಕಾರವೇ ಒಪ್ಪಿಕೊಂಡಂತಾಯಿತು. ಹೈನುಗಾರಿಕೆಯನ್ನು ಪ್ರಶ್ನಿಸುವುದು ಹೈನುಗಾರರಿಗೆ ಮಾಡುವ ದ್ರೋಹ ಎನ್ನುವವರು ಈ ಖರ್ಚು ಯಾರ ಹೆಗಲಿನ ಮೇಲಿದೆ ಎಂದು ಹೇಳಬೇಕು.

ದಾರಿಗಳು ಇಲ್ಲದಿಲ್ಲ, ಮತ್ತು ಅವು ಹೊರಗಿನಿಂದ ಬಂದವೂ ಅಲ್ಲ. ಮಲ್ಲೇಶ್ವರದ ಮಗ್ಗುಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ, 1930ರ ದಶಕದಲ್ಲಿ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳನ್ನು ಜೊತೆಯಲ್ಲಿಟ್ಟು ಅಧ್ಯಯನ ಮಾಡಿದರು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕಡಲೆಕಾಯಿ ಪ್ರೋಟೀನನ್ನು ಹಾಲಿಗೆ ಬೆರೆಸಿ ‘ಮಿಲ್ಟೋನ್’ ಎಂಬ ಪೇಯ ರೂಪಿಸಿತು, ಅದು ಬೆಂಗಳೂರಿನಲ್ಲಿ ತಯಾರಾಯಿತು. ಕಡಲೆಕಾಯಿ ಬೆಳೆಯುವ ಬಯಲುಸೀಮೆಯ ರೈತ, ಹಸು ಕಟ್ಟಿದ ರೈತ ಇಬ್ಬರೂ ಒಬ್ಬನೇ ಆಗಿರುವ ನಾಡಿದು. ಹಾಲಿನಷ್ಟೇ ಖಾತರಿಯ ಖರೀದಿ, ವಾರವಾರದ ಬಟವಾಡೆ, ಸಹಕಾರ ಸಂಘ ಬೇಳೆಕಾಳಿಗೂ ಸಿಕ್ಕರೆ ಮಾತು ಬೇರೆಯೇ ಆಗುತ್ತದೆ. ಕಾರ್ತಿಕದ ಕೊನೆಯ ಸೋಮವಾರ ದೊಡ್ಡಬಸವನ ಗುಡಿಯ ರಸ್ತೆಯುದ್ದಕ್ಕೂ ಕಡಲೆಕಾಯಿಯ ರಾಶಿ ಬೀಳುವ ಪರಿಷೆಯಲ್ಲಿ ಆ ಬೆಳೆಗೆ ಈ ಊರು ಇಂದಿಗೂ ಕೈಮುಗಿಯುತ್ತದೆ. ಇದನ್ನೆಲ್ಲ ಅಧ್ಯಯನ ಮಾಡಲು ಹೊರಡುವ ಕನ್ನಡದ ಹೊಸ ಸಂಶೋಧಕರಲ್ಲಿ ಒಂದು ವಿನಂತಿ: ಹ್ಯಾಷ್‌ಟ್ಯಾಗುಗಳನ್ನು ಎಣಿಸುವ ಮೊದಲು ಗಾಂಧಿ ಬಜಾರಿನ ಯಾವುದಾದರೂ ಹಾಲಿನ ಬೂತಿನ ಮುಂದೆ ಬೆಳಗಿನ ಐದೂವರೆಗೆ ನಿಲ್ಲಿ, ಯಾರು ಎಷ್ಟು ಪ್ಯಾಕೆಟ್ ಒಯ್ಯುತ್ತಾರೆ, ಯಾರ ಮನೆಗೆ, ಯಾರ ಪಾಲಿಗೆ ಎಂದು ಕೇಳಿ ಬರೆದುಕೊಳ್ಳಿ.